ಯಾಕಂದ್ರ ಮಾಸ್ತರು

ಇಳಕಲ್ಲಿನ ಚಾದಂಗಡಿಯಲ್ಲಿ ಅವರ ಎದುರು ‘ಯಾಕ’ ಎಂಬ ಮಾತು ಬಾಯಿತಪ್ಪಿಯೂ ಬರಬಾರದು. “ಬಾಗಲಕೋಟಿ ಬಸ್ಸು ಯಾಕ ಬರಲಿಲ್ಲೋ?” ಎಂದು ಯಾರೋ ಗೊಣಗಿದರೂ ಸಾಕು, “ಯಾಕಂದ್ರ...” ಎಂದು ಮಾಸ್ತರು ಗಂಟಲು ಸರಿಮಾಡಿಕೊಳ್ಳುತ್ತಾರೆ. ಅಷ್ಟರಲ್ಲಿ ನಿಮ್ಮ ಚಹಾ ಆರುತ್ತದೆ. ಆರಿದ್ದಕ್ಕೂ ಅವರಲ್ಲಿ ಕಾರಣವಿದೆ. ಹೈಸ್ಕೂಲಿನ ವಿಜ್ಞಾನ ಪಾಠಕ್ಕೆ ನಿವೃತ್ತಿಯಾಯಿತು, ಮಾಸ್ತರಿಗೆ ಆಗಲಿಲ್ಲ.

ಬೀಗರನ್ನು ಬಾದಾಮಿ ತೋರಿಸಲು ಕರೆದೊಯ್ದರೆ ಮೆಟ್ಟಿಲ ಬುಡದಲ್ಲೇ ಪಾಠ ಶುರು. “ಈ ಗುಡ್ಡ ಕೆಂಪ್ಯಾಕ? ಯಾಕಂದ್ರ ಉಸುಕಿನ ಕಣಕ್ಕ ಕಬ್ಬಿಣದ ಆಕ್ಸೈಡ್ ಮೆತ್ತಿಕೊಂಡೈತಿ, ತುಕ್ಕು ಹಿಡದಂಗ.” ಬೀಗರು ಸೌಜನ್ಯಕ್ಕೆ, “ನಿಮ್ಮ ಇಳಕಲ್ ಕಲ್ಲೂ ಕೆಂಪಲ್ಲೇನ್ರಿ?” ಎಂದುಬಿಟ್ಟರು. “ಅದು ಬ್ಯಾರೆ! ಭೂಮಿ ಒಳಗ ಕರಗಿ ಹೆಪ್ಪುಗಟ್ಟಿದ ಗ್ರಾನೈಟ್ ಅದು. ಅದರ ಕೆಂಪು ಫೆಲ್ಡ್‌ಸ್ಪಾರ್ ಖನಿಜದ್ದು.” ಕ್ರಿ.ಶ. 578ರ ಶಾಸನವಿರುವ ಮೂರನೆಯ ಗವಿಯನ್ನು ಬೀಗರು ಆ ದಿನ ದೂರದಿಂದಲೇ ನೋಡಿದರು.

ಹುನಗುಂದದ ರೈತನೊಬ್ಬ ಎರಿ ಹೊಲ ಬೇಸಿಗೆಯಲ್ಲಿ ಯಾಕೆ ಬಿರಿಯುತ್ತದೆಂದು ಕೇಳಿದ. “ಯಾಕಂದ್ರ ಅದರೊಳಗಿನ ಜೇಡಿ ನೀರು ಕುಡದು ಉಬ್ಬತೈತಿ, ಒಣಗಿದ್ರ ಕುಗ್ಗತೈತಿ.”

“ಹಂಗಾರ ಮಳಿ ಯಾವಾಗ್ರಿ?”

“ಅದು ನನ್ನ ವಿಷಯ ಅಲ್ಲಪಾ.”

ನೇಕಾರ ಏನೂ ಕೇಳಿರಲಿಲ್ಲ. ಮಾಸ್ತರೇ ಮಗ್ಗದ ಮುಂದೆ ಕೂತು ಹೇಳಿದರು: “ಕುಣಿ ಮಗ್ಗ ಯಾಕ? ಯಾಕಂದ್ರ ನೆಲದ ತೇವಕ್ಕ ಹತ್ತಿ ನೂಲು ಗಟ್ಟಿಯಾಗತೈತಿ, ಹರಿಯೂದು ಕಡಿಮಿ.” ಅವನು ಲಾಳಿ ನಿಲ್ಲಿಸದೆ, “ಹೌದೇನ್ರಿ? ನಮ್ಮಪ್ಪ ಕಾಲು ಇಡಾಕ ತೋಡ್ಯಾನ ಅಂತ ತಿಳದಿದ್ದೆ” ಎಂದ.

ಮನೆಯಲ್ಲಿ ಮಾತ್ರ ಶ್ರೋತೃಗಳು ಕಡಿಮೆ. ಒಲೆಯ ಮುಂದೆ ನಿಂತು, “ರೊಟ್ಟಿ ಯಾಕ ಉಬ್ಬತೈತಿ ಗೊತ್ತೇನ? ಒಳಗಿನ ನೀರು ಉಗಿಯಾಗಿ ಸುಮಾರು 1,700 ಪಟ್ಟು ಹಿಗ್ಗತೈತಿ!” ಎಂದರೆ ಹೆಂಡತಿ, “ಬಾಜೂಕ ಸರೀರಿ, ಹೊತ್ತತೈತಿ” ಎನ್ನುತ್ತಾರೆ.

ಆಕೆ ತವರಿಗೆ ಹೋದಾಗ ಮಾಸ್ತರು ತಾವೇ ಹಿಟ್ಟಿಗೆ ಕೈ ಹಾಕಿದರು. ಸಿದ್ಧಾಂತ ಪಕ್ಕಾ: ಜೋಳದಲ್ಲಿ ಗೋಧಿಯಂತೆ ಗ್ಲೂಟೆನ್ ಇಲ್ಲ, ಎಸರು ಹಾಕಿದರೆ ಪಿಷ್ಟವೇ ಅಂಟಾಗುತ್ತದೆ. ಎಸರು ಹಾಕಿದರು, ನಾದಿದರು, ಬಡಿದರು. ಹಂಚಿಗೆ ಬಿದ್ದದ್ದು ಬೇಸಿಗೆಯ ಎರಿ ಹೊಲ.

ಮರಳಿ ಬಂದ ಹೆಂಡತಿ ಬುಟ್ಟಿಯಲ್ಲಿದ್ದ ತುಣುಕುಗಳನ್ನು ನೋಡಿದರು. “ಇವು ಯಾಕ ಉಬ್ಬಲಿಲ್ರಿ?”

“ಯಾಕಂದ್ರ ಬಿರುಕಿನಾಗ ಉಗಿ ಸೋರಿಹೋತು.”

“ಅದು ಖರೇ. ಬಿರುಕು ಬಿಡದಂಗ ಬಡಿಯೂದು?”

ಮಾಸ್ತರು ಪರಾತದ ಮುಂದೆ ಕುಕ್ಕರಗಾಲಲ್ಲಿ ಕೂತರು. ಮೆಲ್ಲಗೆ, ಚಾದಂಗಡಿಯವರು ಎಂದೂ ಕೇಳದ ಮಾತೊಂದನ್ನು ಕೇಳಿದರು: “ಹ್ಯಾಂಗ?”

“ಮದಲ ಕೈ ತೊಳಕೊಂಡ ಬರ್ರಿ.”