ತೃಣಾಜದಹನ ಮೀಮಾಂಸೆ

ಕ್ರಿಸ್ತಜಯಂತಿಯ ಕಾಲದಲ್ಲಿ ನಾನಾ ದೇಶಗಳ ಸಜ್ಜನರು ಆಚರಿಸತಕ್ಕ ವಿಚಿತ್ರ ವಿಧಿಗಳನ್ನು ಕುರಿತು ಬರೆದವರು ಹಲವರುಂಟು. ವೆನೆಜುವೇಲಾದ ಕರಾಕಸ್ ನಗರದ ಭಕ್ತರು ಕಾಲಿಗೆ ಗಾಲಿ ಕಟ್ಟಿಕೊಂಡು ಪ್ರಾತಃಕಾಲದ ಪೂಜೆಗೆ ಉರುಳುತ್ತ ಹೋಗುವುದನ್ನೂ, ಕ್ಯಾಟಲೋನಿಯಾದ ಮಕ್ಕಳು ಕಣ್ಣುಮೂಗು ಬರೆದ ಮರದ ಕೊರಡಿಗೆ ಹಲವು ದಿನ ಉಣಬಡಿಸಿ ಕಡೆಗೆ ಅದನ್ನೇ ಕೋಲಿನಿಂದ ಬಡಿದು ಉಡುಗೊರೆ ವಸೂಲು ಮಾಡುವುದನ್ನೂ, ಜಪಾನೀಯರು 1974ರ ಒಂದು ಜಾಹೀರಾತಿನ ತರುವಾಯ ಅಮೆರಿಕದ ಮಾದರಿಯ ಕರಿದ ಕೋಳಿಯನ್ನು ಹಬ್ಬದ ನೈವೇದ್ಯವಾಗಿ ಅಂಗೀಕರಿಸಿರುವುದನ್ನೂ ಅವರು ಸವಿಸ್ತಾರವಾಗಿ ವರ್ಣಿಸುತ್ತಾರೆ. ಆದರೆ ಶಾಸ್ತ್ರದೃಷ್ಟಿಯಿಂದ ಇವೆಲ್ಲವೂ ಸುಲಭ ವಿಷಯಗಳೇ. ಮಾಡುವವರು ಮಾಡುತ್ತಾರೆ, ಒಲ್ಲದವರು ಮನೆಯಲ್ಲಿರುತ್ತಾರೆ. ಸ್ವೀಡನ್ ದೇಶದ ಯೆವ್ಲೆ ಪಟ್ಟಣದಲ್ಲಿಯಾದರೋ ಒಂದು ಪಕ್ಷದವರು ಕಟ್ಟುತ್ತಾರೆ, ಮತ್ತೊಂದು ಪಕ್ಷದವರು ಸುಡುತ್ತಾರೆ. ಇವೆರಡರಲ್ಲಿ ಆಚಾರ ಯಾವುದು, ಅಪರಾಧ ಯಾವುದು ಎಂಬುದು ಇಂದಿಗೂ ಇತ್ಯರ್ಥವಾಗಿಲ್ಲ. ಆ ಇತ್ಯರ್ಥವೇ ಪ್ರಕೃತ ಪ್ರಬಂಧದ ಪ್ರಯೋಜನವು.

ಸ್ಟಾಕ್‌ಹೋಮಿನ ಉತ್ತರಕ್ಕೆ ಕಡಲ ದಡದಲ್ಲಿರುವ ಈ ರೇವುಪಟ್ಟಣವು 1869ರ ಮಹಾಗ್ನಿಯಲ್ಲಿ ಬಹುಭಾಗ ಬೂದಿಯಾಗಿತ್ತೆಂಬುದನ್ನು ವಾಚಕರು ಮೊದಲೇ ಮನಸ್ಸಿನಲ್ಲಿಟ್ಟುಕೊಳ್ಳತಕ್ಕದ್ದು. ಆ ದೇಶದ ಮನೆಗಳಲ್ಲಿ ಹಬ್ಬದ ಮರದ ಬುಡದಲ್ಲಿ, ಕೆಂಪು ಪಟ್ಟಿ ಸುತ್ತಿದ ಗೇಣುದ್ದದ ಹುಲ್ಲಿನ ಹೋತವನ್ನಿಡುವುದು ಹಳೆಯ ಪದ್ಧತಿ. 1966ರಲ್ಲಿ, ಜಾಹೀರಾತಿನ ವೃತ್ತಿಯಲ್ಲಿದ್ದ ಸ್ಟಿಗ್ ಗಾವ್ಲೇನ್ ಎಂಬ ಮಹಾಶಯನು, ಪಟ್ಟಣದ ದಕ್ಷಿಣ ಭಾಗದ ಅಂಗಡಿಗಳಿಗೆ ಗಿರಾಕಿಗಳು ಒದಗಲೆಂಬ ಪರಮ ಧಾರ್ಮಿಕವಾದ ಸಂಕಲ್ಪದಿಂದ, ಆ ಗೇಣುದ್ದದ ಹೋತವನ್ನು 13 ಮೀಟರಿಗೆ ಬೆಳೆಸಿ ಚೌಕದಲ್ಲಿ ನಿಲ್ಲಿಸುವ ಉಪಾಯವನ್ನು ಹೂಡಿದನು. ಕಟ್ಟುವ ಕೆಲಸವನ್ನು ವಹಿಸಿಕೊಂಡವರು ಊರಿನ ಅಗ್ನಿಶಾಮಕ ದಳದವರು. ಆ ದಳದ ಮುಖ್ಯಸ್ಥನು ಸ್ಟಿಗ್‌ನ ಒಡಹುಟ್ಟಿದವನೇ. ಡಿಸೆಂಬರ್ 1ರಂದು ಎದ್ದು ನಿಂತ ಹೋತವು ವರ್ಷದ ಕಡೆಯ ದಿನದ ನಡುರಾತ್ರಿಯಲ್ಲಿ ಉರಿದುಹೋಯಿತು. ಬೆಂಕಿಯನ್ನು ಆರಿಸತಕ್ಕವರೇ ಸಮಿಧೆಯನ್ನು ಒಟ್ಟಿಕೊಟ್ಟ ದೃಷ್ಟಾಂತವು ಯಜ್ಞಗಳ ಇತಿಹಾಸದಲ್ಲಿ ಬೇರೆಲ್ಲಿಯೂ ನಮಗೆ ದೊರೆತಿಲ್ಲ.

ಇಲ್ಲಿ ಪೂರ್ವಪಕ್ಷವು ಹೀಗೆ: ಪಟ್ಟಣದ ಅಧಿಕಾರಿಗಳ ಮತದಲ್ಲಿ ಕಟ್ಟುವುದೊಂದೇ ಆಚಾರ, ಸುಡುವುದು ಶುದ್ಧ ದುಷ್ಕೃತ್ಯ. ಇದನ್ನು ಖಂಡಿಸುವುದಕ್ಕೆ ತೌಲನಿಕ ಪಂಡಿತರು ಕೂಡಲೇ ಎದ್ದು ನಿಲ್ಲುತ್ತಾರೆ. ಉತ್ತರ ದೇಶದ ಗುಡುಗಿನ ದೇವತೆಯಾದ ಥಾರ್ ಎಂಬಾತನ ರಥಕ್ಕೆ ಎರಡು ಹೋತಗಳು. ರಾತ್ರಿ ಅವನ್ನು ಕೊಂದು ಬೇಯಿಸಿ ತಿಂದು, ಮೂಳೆಗಳನ್ನು ಚರ್ಮದ ಮೇಲೆ ಹಾಕಿಸಿ, ಬೆಳಗಾಗುತ್ತಲೂ ಸುತ್ತಿಗೆಯನ್ನೆತ್ತಿ ಮಂತ್ರಿಸಿದರೆ ಅವು ಮತ್ತೆ ಎದ್ದು ನಿಲ್ಲುವುವೆಂದು ಹದಿಮೂರನೆಯ ಶತಮಾನದ ಐಸ್‌ಲ್ಯಾಂಡಿನ ಗ್ರಂಥದಲ್ಲಿ ಹೇಳಿದೆ. ಋಗ್ವೇದದ ಪೂಷನ ರಥವನ್ನೆಳೆಯುವುವೂ ಆಡುಗಳೇ. ಆದುದರಿಂದ ಯೆವ್ಲೆಯವರು ವೇದಕಾಲದಿಂದಲೂ ಸುಡುತ್ತ ಬಂದಿರಬೇಕೆಂದು ನಮ್ಮವರಲ್ಲಿ ಯಾರಾದರೂ ಒಂದು ಬೃಹದ್ಗ್ರಂಥವನ್ನು ಬರೆಯುವುದಕ್ಕೆ ಅಡ್ಡಿಯೇನೂ ಇಲ್ಲ. ಇದಕ್ಕಿಂತ ತೆಳುವಾದ ಆಧಾರದ ಮೇಲೆ ಡಾಕ್ಟರೇಟು ಪದವಿಗಳು ದೊರೆತಿವೆ. ನಾವು ಮಾತ್ರ 1966ಕ್ಕಿಂತ ಹಿಂದೆ ಹೋಗಲು ಇಚ್ಛಿಸುವುದಿಲ್ಲ. ಆಚಾರವು ಪ್ರಾಚೀನವಾಗುವುದಕ್ಕೆ ಬೇಕಾದುದು ಕಾಲವಲ್ಲ, ಹಟ.

ಸಿದ್ಧಾಂತವನ್ನು ನಿರೂಪಿಸುವೆವು. ಪ್ರಾಪ್ತಿಯಿದ್ದಲ್ಲಿಯೇ ನಿಷೇಧವೆಂಬುದು ಮೀಮಾಂಸಕರ ಸರ್ವಸಮ್ಮತವಾದ ನ್ಯಾಯ. ಯಾರೂ ಮಾಡಲೊಲ್ಲದುದನ್ನು ಮಾಡಬೇಡಿರೆಂದು ಯಾವ ಶಾಸ್ತ್ರವೂ ಹೇಳಲಾರದು. ಹೋತದ ಸುತ್ತಲೂ ಬೇಲಿ, ಬೇಲಿಯ ಸುತ್ತ ಕಾವಲು, ಕಾವಲಿನ ಮೇಲೆ ಹಗಲಿರುಳೂ ತೆರೆದಿರುವ ಕ್ಯಾಮೆರಾದ ಕಣ್ಣು, ಇವೆಲ್ಲ ಇರುವುದರಿಂದಲೇ ದಹನವು ವಿಹಿತವೆಂದು ಸಿದ್ಧವಾಗುತ್ತದೆ. ಕಾವಲು ಈ ಕರ್ಮಕ್ಕೆ ವಿಘ್ನವಲ್ಲ, ಅಂಗ. ಅದಿಲ್ಲದಿದ್ದರೆ ಸುಡುವಾತನಿಗೆ ವ್ರತವೆಲ್ಲಿ, ಜಾಗರಣೆಯೆಲ್ಲಿ, ಫಲವೆಲ್ಲಿ? ಸುಮಾರು 3.6 ಟನ್ ತೂಕದ ಈ ಮೂರ್ತಿಯನ್ನು ಮರದ ಹಂದರದ ಮೇಲೆ 1,600 ಮೀಟರ್ ಹಗ್ಗದಿಂದ 12,000 ಗಂಟುಗಳನ್ನು ಹಾಕಿ ಬಿಗಿಯುತ್ತಾರಷ್ಟೆ. ಬೆರಳು ಮರಗಟ್ಟುವ ಆ ಚಳಿಯಲ್ಲಿ ಇಷ್ಟು ಗಂಟು ಹಾಕುವವನ ಶ್ರದ್ಧೆಗೆ ಸರಿಸಮನಾದ ಶ್ರದ್ಧೆ ಸುಡುವವನಲ್ಲಿಯೂ ಇರಲೇಬೇಕು. ಇದ್ದುದಕ್ಕೆ ಪ್ರಮಾಣಗಳು ಹೇರಳವಾಗಿವೆ. 1970ರಲ್ಲಿ ಹೋತವು ನಿಂತ ಆರು ತಾಸಿನೊಳಗೆ ಉರಿಯಿತು. ಬೇಸರಗೊಂಡ ವರ್ತಕರು ಕೈಬಿಟ್ಟಾಗ ಶಾಲೆಯೊಂದರ ವಿಜ್ಞಾನಸಂಘದ ವಿದ್ಯಾರ್ಥಿಗಳು ಎರಡು ಮೀಟರಿನ ಮರಿಹೋತವನ್ನು ಕಟ್ಟಿ ಕರ್ಮಲೋಪವಾಗದಂತೆ ಕಾಪಾಡಿದರು. 1976ರಲ್ಲಿ ಕಾರು ಗುದ್ದಿತು, ಇದು ಗೌಣಪಕ್ಷ. 2005ರಲ್ಲಿ ಒಬ್ಬನು ಸಾಂಟಾಕ್ಲಾಸನಂತೆಯೂ ಮತ್ತೊಬ್ಬನು ಶುಂಠಿಯ ಬಿಸ್ಕತ್ತಿನ ಬೊಂಬೆಯಂತೆಯೂ ವೇಷ ಧರಿಸಿ ಬಂದು ಆಗ್ನೇಯಾಸ್ತ್ರವನ್ನು ಪ್ರಯೋಗಿಸಿದರು. ಬೆಂಕಿ ತಗುಲದ ಔಷಧವನ್ನು ಬಳಿದು ನೋಡಿದರು. ಹುಲ್ಲಿನ ಹೊಂಬಣ್ಣ ಕೆಟ್ಟು ಹೋತವು ಕಂದು ನಾಯಿಯ ರೂಪವನ್ನು ತಾಳಿತೆಂದು ಆಕ್ಷೇಪಣೆ ಬಂದಿತು. 2011ರಲ್ಲಿ ನೀರು ಚಿಮುಕಿಸಿ ಮಂಜುಗಡ್ಡೆಯ ಕವಚವನ್ನು ತೊಡಿಸಿದರು. ಚಳಿ ಇಳಿಯಿತು, ಕವಚ ಕರಗಿತು, ಡಿಸೆಂಬರ್ 2ಕ್ಕೆ ಪೂರ್ಣಾಹುತಿಯಾಯಿತು. ಐವತ್ತನೆಯ ವರ್ಷದ ಮಹೋತ್ಸವವೆಂದು 2016ರಲ್ಲಿ ವಿಜೃಂಭಣೆಯಿಂದ ಉದ್ಘಾಟಿಸಿದ ಹೋತವು ಆ ರಾತ್ರಿಯನ್ನೇ ಕಳೆಯಲಿಲ್ಲ.

ಈ ಕರ್ಮದಲ್ಲಿ ಅಧಿಕಾರವು ಯಾರಿಗೆ ಎಂಬ ಪ್ರಶ್ನೆಯೊಂದಿದೆ. 2001ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡಿನಿಂದ ಬಂದ ಪ್ರವಾಸಿಯೊಬ್ಬರು, ಸುಡುವುದು ಊರಿನ ನ್ಯಾಯಸಮ್ಮತ ಪದ್ಧತಿಯೆಂದು ಸ್ವೀಡಿಷ್ ಸ್ನೇಹಿತರು ಹೇಳಿದ್ದನ್ನು ನಂಬಿ, ಹೋತಕ್ಕೆ ಬೆಂಕಿಯಿಟ್ಟು ಸಿಕ್ಕಿಬಿದ್ದರು. ಆಪ್ತವಾಕ್ಯವೆಂಬ ಪ್ರಮಾಣವನ್ನು ಆಶ್ರಯಿಸಿ ಇಷ್ಟು ನಿಷ್ಠೆಯಿಂದ ನಡೆದವರನ್ನು ನಮ್ಮ ಮಠಗಳಲ್ಲಿಯೂ ಕಾಣುವುದು ದುರ್ಲಭ. ಅವರಿಗೆ 18 ದಿವಸ ಸೆರೆವಾಸವೂ ಒಂದು ಲಕ್ಷ ಕ್ರೋನರ್ ದಂಡವೂ ಪ್ರಾಪ್ತವಾದುವು. ಅಷ್ಟಕ್ಕೇ ಬಿಡದೆ ನ್ಯಾಯಾಲಯವು, ಈ ಮನುಷ್ಯನಿಗೆ ಇದನ್ನು ಬಳಸುವ ಬಗೆ ತಿಳಿಯದೆಂಬ ಕಾರಣದಿಂದ, ಅವರ ಸಿಗರೇಟು ಲೈಟರನ್ನೂ ಮುಟ್ಟುಗೋಲು ಹಾಕಿಕೊಂಡಿತು. ಅಧಿಕಾರಿಯಲ್ಲದವನ ಕೈಯಿಂದ ಸ್ರುಕ್ಕು ಸ್ರುವಗಳನ್ನು ಕಿತ್ತುಕೊಳ್ಳತಕ್ಕದ್ದೆಂಬ ಸಂಪ್ರದಾಯವನ್ನು ನ್ಯಾಯಾಧೀಶರು ತಾವಾಗಿಯೇ ಕಂಡುಕೊಂಡರು. ದಹನಕರ್ತೃವು ಸ್ಥಳೀಯನೂ ಅಜ್ಞಾತನೂ ಆಗಿರಬೇಕೆಂಬ ನಮ್ಮ ಸಿದ್ಧಾಂತವೂ ಇದರಿಂದ ಪುಷ್ಟಿಗೊಂಡಿತು.

ಉಳಿದಿರುವುದು 2023ರ ತೊಡಕು. ಆ ವರ್ಷದ ಸುಗ್ಗಿಯಲ್ಲಿ ಮಳೆ ಹೆಚ್ಚಾಗಿ, ಹುಲ್ಲಿನಲ್ಲಿ ಕಾಳುಗಳು ಉದುರದೆ ಉಳಿದುವು. ಕಾಗೆಯ ಜಾತಿಗೆ ಸೇರಿದ ಸಣ್ಣ ಹಕ್ಕಿಗಳು ಹಿಂಡುಹಿಂಡಾಗಿ ಇಳಿದು, ಕ್ಯಾಮೆರಾಗಳೂ ಕಾವಲಿನವರೂ ನೋಡುತ್ತಿರುವಂತೆಯೇ, ಹೋತದ ಮೈಯನ್ನು ಕುಕ್ಕಿ ಕುಕ್ಕಿ ಹರಿದುಬಿಟ್ಟುವು. ಇದು ದಹನಕ್ಕೆ ಪ್ರತಿನಿಧಿಯಾದೀತೇ ಎಂದು ಕೇಳುವವರಿದ್ದಾರೆ. ಆಗದು, ಹಸಿವಿನಿಂದ ತಿಂದವನಿಗೆ ಯಜ್ಞಫಲವೆಲ್ಲಿಯದು? ನಮ್ಮ ಊರುಗಳಲ್ಲಿ ಶ್ರಾದ್ಧದ ದಿನ ಪಿಂಡವನ್ನು ಅಂಗಳದಲ್ಲಿಟ್ಟು, ಕಾಗೆ ಮುಟ್ಟುವವರೆಗೂ ಎಲೆಗೆ ಕೂರದೆ ಕೂಗಿ ಕರೆಯುವ ಹಿರಿಯರನ್ನು ನೋಡಿದವರಿಗೆ ಯೆವ್ಲೆಯಲ್ಲಿ ನಡೆದುದೇನೆಂಬುದನ್ನು ವಿವರಿಸಬೇಕಾಗಿಲ್ಲ. 1966ರಿಂದ ಉರಿದ ಸಕಲ ಹೋತಗಳಿಗೂ ಒಂದೇ ಸಲಕ್ಕೆ ಪಿಂಡಪ್ರದಾನವಾಯಿತು, ಕಾಗೆಗಳು ಕರೆಯದೆಯೇ ಬಂದು ಮುಟ್ಟಿದುವು. ಕರ್ತೃವಾರೆಂಬುದು ಮಾತ್ರ ತಿಳಿಯದು. ಬಹುಶಃ ಅಗ್ನಿಶಾಮಕ ದಳವೇ ಇರಬಹುದು.