ಕನ್ನಡಿಯೊಳಗಿನ ಗಂಟು

ಮಂಡ್ಯ ಜಿಲ್ಲೆಯ ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್. ಪೇಟೆ ಮತ್ತು ನಾಗಮಂಗಲ ತಾಲ್ಲೂಕುಗಳಲ್ಲಿ ಭಾನುವಾರದ ಮುಂಜಾನೆ ಕಾಣಸಿಗುವ ಛಾಯಾಗ್ರಾಹಕರನ್ನು ಸ್ಥೂಲವಾಗಿ ಮೂರು ವರ್ಗಗಳಾಗಿ ವಿಂಗಡಿಸಬಹುದು. ಫಿರಂಗಿಯಂಥ ಲೆನ್ಸನ್ನು ಹೆಗಲ ಮೇಲೆ ಹೊತ್ತು ಬರುವ ಸ್ಥಿತಿವಂತರು ಮೊದಲನೆಯವರು. ಹಕ್ಕಿಯ ನೆಪದಲ್ಲಿ ಮೊಬೈಲಿನಿಂದ ತಮ್ಮ ಮುಖವನ್ನೇ ತೆಗೆದುಕೊಂಡು ತೃಪ್ತರಾಗುವ ಸುಖಜೀವಿಗಳು ಎರಡನೆಯವರು. ಇವರಿಬ್ಬರ ನಡುವೆ, ಚೊಂಬಿನಾಕಾರದ ಹಳೆಯ ಲೆನ್ಸೊಂದನ್ನು ಹೊಸ ಕ್ಯಾಮೆರಾಕ್ಕೆ ಸಿಕ್ಕಿಸಿಕೊಂಡು, ಮೊದಲನೆಯವರನ್ನು ಕನಿಕರದಿಂದಲೂ ಎರಡನೆಯವರನ್ನು ಕ್ಷಮೆಯಿಂದಲೂ ನೋಡುತ್ತ ನಿಲ್ಲುವ ಮೂರನೆಯವರನ್ನು ಪ್ರಸ್ತುತ ಲೇಖನವು ‘ಕನ್ನಡಿ ಮಹಾಶಯ’ರೆಂದು ಕರೆಯುತ್ತದೆ.

ಹೆಸರಿನ ಹಿನ್ನೆಲೆಯನ್ನು ವಿವರಿಸಬೇಕು. ಹಳೆಯ ಕ್ಯಾಮೆರಾಗಳಲ್ಲಿ ದೃಶ್ಯವನ್ನು ಕಣ್ಣಿಗೆ ಮುಟ್ಟಿಸಲು ಒಳಗೊಂದು ಕನ್ನಡಿ ಇರುತ್ತಿದ್ದು, ಅದನ್ನು ಕಿತ್ತುಹಾಕಿ ಪುಟ್ಟ ಪರದೆಯನ್ನಿಟ್ಟದ್ದೇ ಮಿರರ್‌ಲೆಸ್ ಕ್ಯಾಮೆರಾ. ಕನ್ನಡಿ ಇಲ್ಲವೆಂಬ ಕಾರಣಕ್ಕೇ ಹೆಚ್ಚು ಹಣ ತೆತ್ತು ಇದನ್ನು ಕೊಂಡ ಮಹಾಶಯರು, ಆನೆ ಕೊಂಡು ಅಂಕುಶಕ್ಕೆ ಚೌಕಾಸಿ ಮಾಡುವವರಂತೆ, ಒಂದಲ್ಲ ಎರಡು ಕನ್ನಡಿಗಳಿರುವ ಅಗ್ಗದ ಲೆನ್ಸನ್ನು ಹುಡುಕಿ ತಂದಿದ್ದಾರೆ. ಮುಂಭಾಗದಿಂದ ಒಳಬಂದ ಬೆಳಕು ಹಿಂದಿನ ನಿಮ್ನ ದರ್ಪಣಕ್ಕೆ ತಾಗಿ, ಅಲ್ಲಿಂದ ಮುಂದಿರುವ ಕಿರುಗನ್ನಡಿಗೆ ಮರಳಿ, ಕೊನೆಗೆ ದೊಡ್ಡ ಕನ್ನಡಿಯ ನಡುವಿನ ತೂತಿನಿಂದ ಕ್ಯಾಮೆರಾ ಸೇರುವುದರಿಂದ, 500 ಮಿಲಿಮೀಟರ್ ನಾಭಿದೂರದ ಲೆನ್ಸು ಅದರ ಅರ್ಧಕ್ಕಿಂತಲೂ ಗಿಡ್ಡ ಕೊಳವೆಯಲ್ಲಿ ಅಡಗುತ್ತದೆ. ಈ ಬಗೆಯ ಒಂದು ವಿನ್ಯಾಸವನ್ನು 1941ರಲ್ಲಿ ರೂಪಿಸಿದವರು ಸೋವಿಯತ್ ವಿಜ್ಞಾನಿ ದಿಮಿತ್ರಿ ಮಕ್ಸುತೋವ್ ಎಂಬುದನ್ನೂ, ಅದನ್ನಾಧರಿಸಿದ ಎಂಟಿಓ ಸರಣಿಯ ಲೆನ್ಸುಗಳಿಗೆ 1958ರ ಬ್ರಸೆಲ್ಸ್ ಪ್ರದರ್ಶನದಲ್ಲಿ ಗ್ರ್ಯಾನ್ ಪ್ರಿ ಪ್ರಶಸ್ತಿ ದೊರೆಯಿತು ಎಂಬುದನ್ನೂ ಮಹಾಶಯರು ಕೇಳಿದವರಿಗೂ ಕೇಳದವರಿಗೂ ತಿಳಿಸುತ್ತಾರೆ.

ಹಳೆಯ ಲೆನ್ಸಿಗೂ ಹೊಸ ಕ್ಯಾಮೆರಾಕ್ಕೂ ಸಂಬಂಧ ಕುದುರಿಸುವ ದಲ್ಲಾಳಿಗೆ ಅಡಾಪ್ಟರ್ ಎಂದು ಹೆಸರು. ಅದರಲ್ಲಿ ಗಾಜಿಲ್ಲ, ತಂತಿಯಿಲ್ಲ. ಇರುವುದು ಎರಡರ ನಡುವಿನ ಅಂತರವನ್ನು ಕಾಯುವ ಲೋಹದ ಬಳೆ ಮಾತ್ರ. ಆದ್ದರಿಂದ ಮದುವೆ ನಡೆದರೂ ಪರಿಚಯವಾಗುವುದಿಲ್ಲ: ಎದೆಗೆ ಅಂಟಿಕೊಂಡಿರುವ ಲೆನ್ಸನ್ನೇ ಗುರುತಿಸದ ಕ್ಯಾಮೆರಾವು ‘ಲೆನ್ಸ್ ಇಲ್ಲ’ವೆಂದು ಬೀಗರಂತೆ ಬಿಗಿದುಕೊಂಡು ಕೂರುತ್ತದೆ. ಲೆನ್ಸಿಲ್ಲದಿದ್ದರೂ ಚಿತ್ರ ತೆಗೆಯಲು ಅನುಮತಿಸುವ ಆಯ್ಕೆಯನ್ನು ಮೆನುವಿನ ಆಳದಿಂದ ಹುಡುಕಿ ತೆಗೆದು, ಕೈನಡುಕ ತಡೆಯುವ ವ್ಯವಸ್ಥೆಗೆ 500 ಎಂಬ ಅಂಕಿಯನ್ನು ಕೈಯಾರೆ ಬರೆದುಕೊಟ್ಟ ಮೇಲಷ್ಟೇ ಅದು ಒಲಿಯುತ್ತದೆ.

ಇಷ್ಟಾದರೂ ಎರಡು ತೊಡಕುಗಳು ಉಳಿಯುತ್ತವೆ. ಈ ಲೆನ್ಸಿನ ದ್ವಾರ ಎಫ್/8ಕ್ಕೆ ಸ್ಥಿರವಾಗಿದ್ದು, ಸ್ಥಿತಿವಂತರ ಎಫ್/4 ಲೆನ್ಸಿನ ಕಾಲುಭಾಗದಷ್ಟು ಬೆಳಕನ್ನು ಮಾತ್ರ ಒಳಬಿಡುವುದರಿಂದ, ಹಕ್ಕಿಗಳು ಚುರುಕಾಗಿರುವ ಮುಂಜಾನೆಯಲ್ಲಿ ಇದು ಇನ್ನೂ ನಿದ್ದೆಯಲ್ಲಿರುತ್ತದೆ. ಬಿಸಿಲೇರಿ ಲೆನ್ಸಿಗೆ ಎಚ್ಚರವಾಗುವ ಹೊತ್ತಿಗೆ ಪಾಂಡವಪುರದ ತೊಣ್ಣೂರು ಕೆರೆಯ ಮೇಲೆ ಬಿಸಿಗಾಳಿ ಎದ್ದು, ಆಚೆ ದಡದ ಬಂಡೆಗಳೂ ಕುಣಿಯತೊಡಗುತ್ತವೆ. ಎರಡನೆಯದು ಫೋಕಸ್. ಹತ್ತು ಮೀಟರು ದೂರದಲ್ಲಿ ಸ್ಪಷ್ಟವಾಗಿ ಮೂಡುವ ಆಳ ಸುಮಾರು ಒಂದು ಗೇಣಿನಷ್ಟಿದ್ದು, ಆ ಗೇಣನ್ನು ಉಂಗುರ ತಿರುಗಿಸಿ ಕೈಯಿಂದಲೇ ಹುಡುಕಬೇಕು. ಶಾಖಕ್ಕೆ ಲೋಹ ಹಿಗ್ಗುತ್ತದೆಂಬ ಮುನ್ನೆಚ್ಚರಿಕೆಯಿಂದ ತಯಾರಕರು ಆ ಉಂಗುರವು ‘ಅನಂತ’ದ ಗುರುತನ್ನೂ ದಾಟುವಂತೆ ಬಿಟ್ಟಿರುತ್ತಾರೆ. ಅನಂತನ ಅವತಾರವೆಂದೇ ಶ್ರೀವೈಷ್ಣವರು ನಂಬುವ ರಾಮಾನುಜರು ನೆಲೆಸಿದ್ದ ತೊಣ್ಣೂರಿನಲ್ಲಿ ನಿಂತು, ಕುಂತಿಬೆಟ್ಟದತ್ತ ಗುರಿಯಿಟ್ಟು, ಅನಂತದಿಂದಾಚೆಗೆ ಹೋಗಿ ಹಿಂದಿರುಗಲಾರದೆ ಒದ್ದಾಡುವವರು ಕನ್ನಡಿ ಮಹಾಶಯರು ಮಾತ್ರ.

1940ರಲ್ಲಿ ಸಲೀಂ ಅಲಿಯವರ ಒತ್ತಾಸೆಯಿಂದ ಪಕ್ಷಿಧಾಮವಾಗಿ, 2022ರಲ್ಲಿ ರಾಮ್ಸರ್ ಪಟ್ಟಿಗೆ ಸೇರಿದ ರಂಗನತಿಟ್ಟಿನ ದೋಣಿಯಲ್ಲಿ ಇವರ ಸಾಧನೆ ಪೂರ್ಣಪ್ರಮಾಣದಲ್ಲಿ ಪ್ರಕಟವಾಗುತ್ತದೆ. ದೋಣಿ ತೂಗುತ್ತದೆ, ಕೈ ನಡುಗುತ್ತದೆ, ನೀರಿನ ಮೇಲೆ ಮಿಂಚುಳ್ಳಿ ಹಾಯುತ್ತದೆ. ಇವರು ಉಂಗುರ ತಿರುಗಿಸುತ್ತಲೇ ಇರುವಾಗ ‘ಸಾರ್, ಅದು ಹೋಗಿ ಬಾಳ ಹೊತ್ತಾಯ್ತು’ ಎಂದು ಅಂಬಿಗ ಮೆಲ್ಲಗೆ ನೆನಪಿಸಬೇಕಾಗುತ್ತದೆ. ಹೀಗಾಗಿ ಇವರ ಆಸಕ್ತಿ ಕಾಲಕ್ರಮದಲ್ಲಿ ಹಾರದ ಜೀವಿಗಳ ಕಡೆಗೆ ಹೊರಳಿ, ಬಂಡೆಯ ಮೇಲೆ ಬಾಯ್ದೆರೆದು ಗಂಟೆಗಟ್ಟಲೆ ಬಿಸಿಲು ಕಾಯಿಸುವ ಮೊಸಳೆಯೇ ಸೃಷ್ಟಿಯ ಅತಿ ಸುಸಂಸ್ಕೃತ ಪ್ರಾಣಿಯೆಂಬ ತೀರ್ಮಾನಕ್ಕೆ ಬರುತ್ತಾರೆ. ನಾಗಮಂಗಲದ ಆದಿಚುಂಚನಗಿರಿಯ ನವಿಲು ನಿಂತಿರುವಷ್ಟು ಹೊತ್ತು ಗೌರವಕ್ಕೆ ಪಾತ್ರ. ನಡೆದೊಡನೆ ಅದು ಅಶಿಸ್ತಿನ ಪಕ್ಷಿ.

ಎಂದಿಗೂ ಕದಲದ ವಸ್ತುವನ್ನು ಅರಸಿ ಇವರು ಕೆ.ಆರ್. ಪೇಟೆಯ ಸಮೀಪದ ಹೊಸಹೊಳಲಿಗೆ ಹೋಗುವುದೂ ಉಂಟು. ಹದಿಮೂರನೆಯ ಶತಮಾನದ ಲಕ್ಷ್ಮೀನಾರಾಯಣ ದೇವಾಲಯದ ಹೊರಗೋಡೆಯ ರಾಮಾಯಣ, ಮಹಾಭಾರತದ ಪಟ್ಟಿಕೆಗಳು ಏಳೂವರೆ ಶತಮಾನಗಳಿಂದ ಅಲುಗದೆ ಕಾದಿದ್ದರೂ, ನಾಲ್ಕು ಮೀಟರಿಗಿಂತ ಹತ್ತಿರದ್ದನ್ನು ಕಾಣಲಾರದ ಸೋವಿಯತ್ ಲೆನ್ಸಿಗಾಗಿ ಮಹಾಶಯರು ಹೆಜ್ಜೆ ಹೆಜ್ಜೆಯಾಗಿ ಹಿಂದೆ ಸರಿದು, ದೇಗುಲದ ಸುತ್ತಲಿನ ಕಟ್ಟೆಯಾದ ಜಗತಿಯನ್ನೇ ಇಳಿಯಬೇಕಾಗುತ್ತದೆ. ಬರಿಗಣ್ಣಿಗೆ ಕೈಯಳತೆಯಲ್ಲಿದ್ದ ಹನುಮಂತನನ್ನು ಅಂಗಳದ ಅಂಚಿನಿಂದ ದೂರದರ್ಶನ ಮಾಡುತ್ತಾರೆ.

ಆದರೂ ಈ ಲೆನ್ಸಿಗೆ ಲಕ್ಷಗಳ ಲೆನ್ಸಿಗೂ ಎಟುಕದ ಸಿದ್ಧಿಯೊಂದಿದೆ. ಮುಂಭಾಗದ ಕಿರುಗನ್ನಡಿಯು ನಡುವಿನ ಬೆಳಕನ್ನು ತಡೆಯುವುದರಿಂದ, ಹಿನ್ನೆಲೆಯ ಪ್ರತಿಯೊಂದು ಹೊಳಪೂ ಮಸುಕು ಚುಕ್ಕೆಯಾಗುವ ಬದಲು ತೂತಿರುವ ಬಳೆಯಾಗಿ ಮೂಡುತ್ತದೆ. ಕಾವೇರಿಯ ಅಲೆಗಳ ಮೇಲೆ ಬಿಸಿಲು ಬಿದ್ದಾಗ ಬಣ್ಣದ ಕೊಕ್ಕರೆಯ ಹಿಂದೆ ಬಾಣಲೆಯಿಂದ ಆಗಷ್ಟೇ ಇಳಿಸಿದ ಕೋಡುಬಳೆಗಳ ರಾಶಿಯೇ ಕಾಣುತ್ತದೆ. ಇದು ದೋಷವೆಂದು ಪಂಡಿತರು, ಕಲೆಯೆಂದು ಮಹಾಶಯರು. ಹತ್ತು ಭಾನುವಾರಗಳಿಗೊಮ್ಮೆ ಕೊಕ್ಕರೆಯೂ ಆ ಗೇಣಿನೊಳಗೆ ನಿಂತು ರೆಕ್ಕೆಯ ಎಳೆ ಎಳೆಯೂ ಮೂಡಿದಾಗ, ಆ ಚಿತ್ರ ಚೌಕಟ್ಟು ಹಾಕಿಸಿಕೊಂಡು ಮನೆಯ ನಡುಮನೆಗೆ ಬರುತ್ತದೆ.

ಬಂದ ನೆಂಟರು ಅದನ್ನು ನೋಡಿ ‘ಇದು ಎಲ್ಲಿಯದು?’ ಎಂದು ಕೇಳುತ್ತಾರೆ. ಪ್ರಶ್ನೆ ಲೆನ್ಸಿನದೆಂದೇ ಭಾವಿಸುವ ಮಹಾಶಯರು ‘ರಷ್ಯದ್ದು’ ಎಂದು ಉತ್ತರಿಸಿ, ಒಡನೆಯೇ 1958ರ ಬ್ರಸೆಲ್ಸಿಗೆ ಹೊರಟುಹೋಗುತ್ತಾರೆ. ಈ ದೇಶದಲ್ಲೇ ಹುಟ್ಟಿ ಬೆಳೆಯುವ ಬಣ್ಣದ ಕೊಕ್ಕರೆ ಪ್ರತಿವರ್ಷ ರಷ್ಯದಿಂದ ಹಾರಿಬರುತ್ತದೆಂಬ ನಂಬಿಕೆ ಆ ನೆಂಟರಿಷ್ಟರಲ್ಲಿ ಇಂದಿಗೂ ಅಚಲವಾಗಿ ಉಳಿದಿರುವುದು ಹೀಗೆ.