ಸೇನಾಪತಿಯ ಮುಂಡು

ಕಳೆದ ದೀಪಾವಳಿಯ ಗೋಪೂಜೆಯ ದಿನ ನನ್ನ ಮರ್ಯಾದೆ ಮನೆಯಂಗಳದಿಂದ ಹೊರಟು, ಅಡಿಕೆ ತೋಟ ದಾಟಿ, ತೋಡಿನ ಬದಿಯ ಮುಳ್ಳುಬೇಲಿಯಲ್ಲಿ ಸಿಕ್ಕಿಕೊಂಡಿತು. ಮರ್ಯಾದೆ ಅಂದರೆ ಬೇರೇನಲ್ಲ, ಹಬ್ಬಕ್ಕೆಂದು ತಂದ ಹೊಸ ಮುಂಡು. ಆದದ್ದು ಇಷ್ಟು. ನಮ್ಮ ಗೌರಿಗೆ ಮೀಯಿಸಿ, ಕೊಂಬಿಗೆ ಎಣ್ಣೆ ಸವರಿ, ಕೊರಳಿಗೆ ಗೊಂಡೆ ಹೂವಿನ ಮಾಲೆ ಹಾಕಿ, ಬಾಳೆಲೆಯಲ್ಲಿ ಅವಲಕ್ಕಿ, ದೋಸೆ, ಬಾಳೆಹಣ್ಣು ಇಟ್ಟಾಗಿತ್ತು. ಹೆಂಡತಿ ಆರತಿ ಎತ್ತಿದಳು. ಅದೇ ಹೊತ್ತಿಗೆ ಆಚೆಮನೆಯ ಹುಡುಗ ಮಾಲೆ ಪಟಾಕಿಗೆ ಕಿಡಿ ತಾಗಿಸಿದ. ಹಗ್ಗದ ಒಂದು ತುದಿ ಗೌರಿಯ ಕೊರಳಿನಲ್ಲಿ, ಇನ್ನೊಂದು ತುದಿ ನನ್ನ ಮುಂಗೈಗೆ ಸುತ್ತಿಕೊಂಡಿತ್ತು. ಹಗ್ಗ ಬಿಡಬಹುದಿತ್ತಲ್ಲ ಎಂದು ಆಮೇಲೆ ಊರಿಡೀ ಬುದ್ಧಿ ಹೇಳಿತು. ಸಾಧು ದನವೊಂದು ಓಡಲು ಹೊರಟರೆ ಯಾವ ವೇಗದಲ್ಲಿ ಓಡುತ್ತದೆ ಎಂಬುದು ಬುದ್ಧಿ ಹೇಳಿದವರಲ್ಲಿ ಒಬ್ಬರಿಗೂ ಗೊತ್ತಿಲ್ಲ. ನನಗೆ ಗೊತ್ತುಂಟು.

ಬೈರಾಸು ಸುತ್ತಿಕೊಂಡು, ಮೊಣಕಾಲಿಗೆ ತೆಂಗಿನೆಣ್ಣೆ ಹಚ್ಚುತ್ತ ಜಗಲಿಯಲ್ಲಿ ಕೂತಿದ್ದೆ. ತಂಗಿಯ ಮಗ ಬಂದು ಎದುರು ಕೂತ. ಇತಿಹಾಸದಲ್ಲಿ ಡಿಗ್ರಿ ಮಾಡುತ್ತಿದ್ದಾನೆ. ಲೋಕದಲ್ಲಿ ಏನೇ ನಡೆದರೂ ಇದು ಮೊದಲೇ ಒಮ್ಮೆ ನಡೆದಿದೆ ಎಂದು ಹೇಳುವುದು ಆ ಓದಿನ ಒಂದು ಕಾಯಿಲೆ. “ಮಾವ, ಚೀನಾದಲ್ಲಿ ಒಬ್ಬ ಸೇನಾಪತಿ ಹೀಗೇ ದನಗಳನ್ನು ಓಡಿಸಿ ಯುದ್ಧ ಗೆದ್ದಿದ್ದಾನೆ” ಎಂದ. “ಎಷ್ಟು ದನ?” ಎಂದು ಕೇಳಿದೆ. “ಸಾವಿರಕ್ಕೂ ಮೇಲೆ. ನೀವು ಒಂದೇ ದನದಲ್ಲಿ ಸೋತಿರಿ.”

ಈ ಮಾತಿಗೆ ಉತ್ತರ ಕೊಡುವ ಮೊದಲು ನಮ್ಮೂರಿನ ಬಗ್ಗೆ ಎರಡು ಮಾತು ಹೇಳಬೇಕು. ನಮ್ಮದು ನರಿಕೊಂಬು. ಪಾಣೆಮಂಗಳೂರಿನಿಂದ ಶಂಭೂರಿಗೆ ಹೋಗುವ ದಾರಿಯಲ್ಲಿ, ನೇತ್ರಾವತಿಯ ಬದಿಗೆ. ಬೆಂಗಳೂರಿನ ನೆಂಟರಿಗೆ ಈ ಹೆಸರು ಹೇಳಿದರೆ ಸಾಕು, “ನರಿಗೆ ಕೊಂಬು ಉಂಟಾ?” ಎಂದು ನಗುತ್ತಾರೆ. ಉಂಟು ಎಂದು ನಂಬಿದವರು ಇದ್ದರು. ನರಿಯ ಕೊಂಬು ಮನೆಯಲ್ಲಿದ್ದರೆ ಅದೃಷ್ಟ, ಕೋರ್ಟಿನ ವ್ಯಾಜ್ಯ ಗೆಲ್ಲುತ್ತದೆ ಎಂದು ಜಾತ್ರೆಯಲ್ಲಿ ದುಡ್ಡು ಕೊಟ್ಟು ತಂದವರೂ ಇದ್ದರು. ನನ್ನ ಅಜ್ಜ ಒಂದು ತಂದಿದ್ದರು. ಕೂದಲು ಮುಚ್ಚಿದ, ಹುಣಸೆಬೀಜದಷ್ಟು ದೊಡ್ಡ ಗಂಟು. ಅವರು ವ್ಯಾಜ್ಯ ಸೋತರು. ಆದರೆ ಕೊಂಬು ಸುಳ್ಳೆಂದು ಒಪ್ಪಲಿಲ್ಲ, ವಕೀಲರು ಸರಿಯಿಲ್ಲ ಎಂದರು. ಊರಿನ ಹೆಸರಿಗೂ ಆ ಗಂಟಿಗೂ ಸಂಬಂಧ ಹಚ್ಚುವುದು ನನ್ನ ಉದ್ದೇಶವಲ್ಲ. ಇಲ್ಲದ ಕೊಂಬನ್ನು ಅಂಟಿಸಿಕೊಂಡು ನಿಲ್ಲುವ ಪ್ರಾಣಿಗಳ ಮೇಲೆ ಈ ಊರಿನವನಾದ ನನಗೆ ಸ್ವಲ್ಪ ಮಮಕಾರ, ಅಷ್ಟೆ.

ಚೀನಾದ ಆ ಸೇನಾಪತಿ ತಿಯಾನ್ ದಾನ್. ಸೇನಾಪತಿ ಆಗುವ ಮೊದಲು ಅವನು ಚೀ ರಾಜ್ಯದ ರಾಜಧಾನಿಯಲ್ಲಿ ಸಂತೆ ನೋಡಿಕೊಳ್ಳುವ ಒಬ್ಬ ಸಣ್ಣ ನೌಕರ. ಯಾರೂ ತಲೆಯೆತ್ತಿ ನೋಡದ ಕೆಲಸ. ಕ್ರಿ.ಪೂ. 284ರಲ್ಲಿ ಯಾನ್ ರಾಜ್ಯದ ಸೇನೆ ಯುವೆ ಯಿ ಎಂಬ ಸಮರ್ಥನ ಕೈಕೆಳಗೆ ನುಗ್ಗಿ ಚೀ ರಾಜ್ಯದ ಎಪ್ಪತ್ತಕ್ಕೂ ಹೆಚ್ಚು ಊರುಗಳನ್ನು ನುಂಗಿತು. ಜನ ಗಾಡಿ ಹೂಡಿಕೊಂಡು ಓಡಿದರು. ನಮ್ಮ ಗುಮಾಸ್ತ ತನ್ನ ಮನೆತನದವರಿಗೆ ಒಂದು ಮಾತು ಹೇಳಿದ್ದ: ಗಾಡಿಯ ಅಚ್ಚಿನ ತುದಿ ಹೊರಗೆ ಚಾಚಿಕೊಂಡಿದೆಯಲ್ಲ, ಅದನ್ನು ಕತ್ತರಿಸಿ ಕಬ್ಬಿಣದ ಟೋಪಿ ಹಾಕಿ. ದಾರಿಯ ನೂಕುನುಗ್ಗಲಿನಲ್ಲಿ ಉಳಿದವರ ಅಚ್ಚುಗಳು ಒಂದಕ್ಕೊಂದು ತಾಗಿ ಮುರಿದವು, ಜನ ಸೆರೆ ಸಿಕ್ಕರು. ಇವನ ಗಾಡಿಗಳು ಜೀಮೋ ಎಂಬ ಊರು ಸೇರಿದವು. ನಮ್ಮ ಪಕ್ಕದ ಬಿ.ಸಿ. ರೋಡು ಪೇಟೆಯಲ್ಲಿ ಸಂಜೆ ಆರು ಗಂಟೆಗೆ ರಿಕ್ಷಾಗಳ ನಡುವೆ ಒಮ್ಮೆ ಸಿಕ್ಕಿಕೊಂಡವರಿಗೆ ಈ ಬುದ್ಧಿಯ ಬೆಲೆ ತಿಳಿಯುತ್ತದೆ. ಜೀಮೋದ ಅಧಿಕಾರಿ ಹೋರಾಟದಲ್ಲಿ ಸತ್ತಾಗ ಜನ ಇವನನ್ನೇ ಸೇನಾಪತಿ ಮಾಡಿದರು. ಬೇರೆ ಅರ್ಹತೆ ಏನೂ ಇಲ್ಲ, ಅಚ್ಚು ಕತ್ತರಿಸಿದವನು!

ದನದ ಕತೆಗೆ ಬರುತ್ತೇನೆ, ಅದಕ್ಕೆ ಮೊದಲು ಒಬ್ಬ ಸಿಪಾಯಿಯ ಕತೆ. ನನಗೆ ಇಡೀ ಯುದ್ಧಕ್ಕಿಂತ ಅವನೇ ಹೆಚ್ಚು ಹತ್ತಿರದವನು.

ಯಾನ್ ಸೇನೆ ಜೀಮೋಗೆ ಹಾಕಿದ ಮುತ್ತಿಗೆ ವರ್ಷಗಟ್ಟಲೆ ಎಳೆಯಿತು. ಊರಿನವರ ಧೈರ್ಯ ಇಳಿಯುತ್ತ ಬಂತು. ತಿಯಾನ್ ದಾನ್ ಒಂದು ಉಪಾಯ ಮಾಡಿದ. ಊಟದ ಮೊದಲು ಪ್ರತಿಯೊಬ್ಬರೂ ಅಂಗಳದಲ್ಲಿ ಹಿರಿಯರಿಗೆ ಎಡೆ ಇಡಬೇಕು ಎಂದ. ಎಡೆಗೆ ಹಕ್ಕಿಗಳು ಹಿಂಡುಹಿಂಡಾಗಿ ಇಳಿದವು. ಇದೇನು ಶಕುನ ಎಂದು ಹೊರಗಿನ ಶತ್ರುಗಳು ಬಾಯಿ ಬಿಟ್ಟು ನೋಡಿದರು. ನಮ್ಮಲ್ಲಿ ಪಿಂಡಕ್ಕೆ ಕಾಗೆ ಬಂದರೆ ಸಮಾಧಾನ, ಬಾರದಿದ್ದರೆ ದಿಗಿಲು. ಅಲ್ಲಿ ಅದೇ ಹಕ್ಕಿ ರಾಜಕೀಯ ಮಾಡಿತು. ದೇವಲೋಕದಿಂದ ನನಗೊಬ್ಬ ಗುರು ಬರುತ್ತಾನೆ ಎಂದು ತಿಯಾನ್ ದಾನ್ ಸಾರಿದ. ಆಗ ಒಬ್ಬ ಸಿಪಾಯಿ ತಮಾಷೆಗೋ ಏನೋ, “ನಾನು ಆ ಗುರು ಆಗಬಹುದೇ?” ಎಂದು ಕೇಳಿ ಓಡಿಹೋದ. ತಿಯಾನ್ ದಾನ್ ಎದ್ದು ಅವನನ್ನು ಕರೆತಂದು, ಪೂರ್ವಕ್ಕೆ ಮುಖ ಮಾಡಿ ಕೂರಿಸಿ, ಗುರುವಿಗೆ ಸಲ್ಲುವ ಮರ್ಯಾದೆ ಸಲ್ಲಿಸಿದ. ಸಿಪಾಯಿಗೆ ಕೈಕಾಲು ತಣ್ಣಗಾಯಿತು. ನಾನು ಸುಳ್ಳು ಹೇಳಿದೆ, ನನಗೆ ಏನೂ ಬರುವುದಿಲ್ಲ ಎಂದ. ಸೇನಾಪತಿ ಹೇಳಿದ್ದು ಒಂದೇ: ಮಾತಾಡಬೇಡ. ಮುಂದೆ ಹೊರಟ ಪ್ರತಿ ಆಜ್ಞೆಯೂ ಆ ದೇವಗುರುವಿನ ಹೆಸರಿನಲ್ಲಿ ಹೊರಟಿತು.

“ಮಾತಾಡಬೇಡ” ಎಂಬ ಆಜ್ಞೆ ನನಗೂ ಒಮ್ಮೆ ಸಿಕ್ಕಿದೆ. ಏಳನೆಯ ಕ್ಲಾಸಿನಲ್ಲಿ ನಮ್ಮ ಶಾಲೆಯ ವಾರ್ಷಿಕೋತ್ಸವಕ್ಕೆ ಯಕ್ಷಗಾನ. ಕೌರವ ಮಾಡಬೇಕಿದ್ದ ಹುಡುಗನಿಗೆ ಅದೇ ಸಂಜೆ ಜ್ವರ. ಚೌಕಿಯಲ್ಲಿ ಸುಮ್ಮನೆ ಚಕ್ಕುಲಿ ತಿನ್ನುತ್ತ ಕೂತಿದ್ದ ನನ್ನನ್ನು ಹಿಡಿದು ಮುಖಕ್ಕೆ ಬಣ್ಣ ಬಳಿದರು. ಕಿರೀಟ ಕಟ್ಟಿದಾಗ ಅದು ಹುಬ್ಬಿನವರೆಗೆ ಇಳಿಯಿತು. ರಂಗಸ್ಥಳಕ್ಕೆ ಹೋಗುವಷ್ಟರಲ್ಲಿ ಮೂಗಿನವರೆಗೆ. “ನನಗೆ ಅರ್ಥ ಬರುವುದಿಲ್ಲ” ಎಂದು ಭಾಗವತರ ಹತ್ತಿರ ಹೋಗಿ ಪಿಸುಗುಟ್ಟಿದೆ. ಅವರು ಜಾಗಟೆ ನಿಲ್ಲಿಸದೆಯೇ, “ಮಾತಾಡಬೇಡ ಮಾರಾಯ, ಸುಮ್ಮನೆ ಗದೆ ಹಿಡಿದು ನಿಲ್ಲು” ಎಂದರು. ನಿಂತೆ. ಮರುದಿನ ಪೇಟೆಯಲ್ಲಿ ಒಬ್ಬರು, ಕೌರವನ ಗಾಂಭೀರ್ಯ ಭಾರೀ ಚೆನ್ನಾಗಿತ್ತು ಎಂದರಂತೆ.

ಇನ್ನು ದನ. ಯಾನ್ ದೇಶದ ರಾಜ ಸತ್ತು ಮಗ ಪಟ್ಟಕ್ಕೆ ಬಂದಾಗ, ಯುವೆ ಯಿಗೆ ತಾನೇ ರಾಜನಾಗುವ ಆಸೆ ಎಂಬ ಗಾಳಿಮಾತನ್ನು ತಿಯಾನ್ ದಾನ್ ಹಬ್ಬಿಸಿದ. ಹೊಸ ರಾಜ ನಂಬಿದ; ಸಮರ್ಥ ಹೋಗಿ ಮೂಢ ಬಂದ. ಕ್ರಿ.ಪೂ. 279ರ ಒಂದು ರಾತ್ರಿ ಸಾವಿರಕ್ಕೂ ಹೆಚ್ಚು ಎತ್ತುಗಳ ಮೈಗೆ ಕೆಂಪು ರೇಷ್ಮೆ ಹೊದಿಸಿ, ಅದರ ಮೇಲೆ ಐದು ಬಣ್ಣದ ಡ್ರ್ಯಾಗನ್ ಚಿತ್ರ ಬರೆಸಿ, ಕೊಂಬಿಗೆ ಕತ್ತಿ ಕಟ್ಟಿ, ಬಾಲಕ್ಕೆ ಕೊಬ್ಬಿನಲ್ಲಿ ಅದ್ದಿದ ಜೊಂಡು ಕಟ್ಟಿ ಬೆಂಕಿ ಕೊಟ್ಟರು. ಕೋಟೆಗೋಡೆಯಲ್ಲಿ ಕೊರೆದಿಟ್ಟ ಕಿಂಡಿಗಳಿಂದ ಎತ್ತುಗಳು ಹೊರನುಗ್ಗಿದವು, ಹಿಂದೆ ಐದು ಸಾವಿರ ಸೈನಿಕರು. ಊರಿನಲ್ಲಿ ಉಳಿದವರು ಕಂಚಿನ ಪಾತ್ರೆ ಬಡಿದು ಗದ್ದಲ ಎಬ್ಬಿಸಿದರು. ಕಳೆದುಹೋದ ಎಪ್ಪತ್ತು ಊರೂ ಮರಳಿ ಬಂದವು. ಇಷ್ಟೆಲ್ಲ ಕೇಳಿದಾಗ ನನ್ನ ಕಣ್ಣಿಗೆ ಕಟ್ಟಿದ್ದು ಎತ್ತುಗಳು ಮಾತ್ರ. ಅಲ್ಲಿ ಯಾರೂ ಹಗ್ಗವನ್ನು ಕೈಗೆ ಸುತ್ತಿಕೊಂಡಿರಲಿಲ್ಲ, ಗಮನಿಸಿ.

ಗೆದ್ದವನಿಗೆ ಜಹಗೀರು ಸಿಕ್ಕಿತು, ಸೊಂಟಕ್ಕೆ ಚಿನ್ನದ ಪಟ್ಟಿ ಬಂತು. ಆಮೇಲೆ ಒಂದು ಸಣ್ಣ ಊರನ್ನು ಮೂರು ತಿಂಗಳು ಮುತ್ತಿದರೂ ಅದು ಕೈಗೆ ಬರಲಿಲ್ಲ. ಜೀಮೋದಲ್ಲಿ ನೀನು ಕೂತರೆ ಬುಟ್ಟಿ ಹೆಣೆಯುತ್ತಿದ್ದೆ, ನಿಂತರೆ ಗುದ್ದಲಿ ಹಿಡಿಯುತ್ತಿದ್ದೆ, ಈಗ ನಿನಗೆ ಬದುಕುವ ಆಸೆ ಹತ್ತಿದೆ ಎಂದು ಲು ಚುಂಗ್‌ಲಿಯೆನ್ ಎಂಬ ಜಾಣ ಮುಖಕ್ಕೆ ಹೊಡೆದ ಹಾಗೆ ಹೇಳಿದ. ನಾಚಿಕೆಯಾಗಿ ತಿಯಾನ್ ದಾನ್ ಮರುದಿನ ಬಾಣ ಬೀಳುವಲ್ಲೇ ಹೋಗಿ ನಿಂತು ಡೋಲು ಬಡಿದ ಮೇಲೆ ಆ ಊರು ಬಿತ್ತು. ಇದನ್ನೆಲ್ಲ ವಿವರವಾಗಿ ಕೇಳಿದ ಮೇಲೆ ಅಳಿಯನನ್ನು ಕೇಳಿದೆ, “ಆ ಸಿಪಾಯಿ ಏನಾದ?” “ಯಾವ ಸಿಪಾಯಿ?” “ಗುರು ಆದವನು.” ಅವನು ಪುಸ್ತಕ ತಿರುವಿದ. ತಿಯಾನ್ ದಾನ್‌ಗೆ ಸಿಮಾ ಚಿಯೆನ್ ತನ್ನ ಇತಿಹಾಸದಲ್ಲಿ ಒಂದು ಅಧ್ಯಾಯವನ್ನೇ ಮೀಸಲಿಟ್ಟಿದ್ದಾನೆ. ಸಿಪಾಯಿಯ ಹೆಸರು ಅದರಲ್ಲಿಲ್ಲ.

ಅಷ್ಟು ಕೇಳಿದ್ದೇ ತಡ, ನನಗೆ ಚೀನಾ ಮರೆತು ಪಾಣೆಮಂಗಳೂರು ನೆನಪಾಯಿತು. ಅಂಥ ವೇಷ ಕಟ್ಟಿದವನೊಬ್ಬ ನಮ್ಮ ಮನೆಯ ಮುಂದಿನ ದಾರಿಯಲ್ಲೇ ಅನ್ನುವ ಹಾಗೆ ಹಾದುಹೋಗಿದ್ದಾನೆ, 1837ರಲ್ಲಿ.

1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊಡಗಿನ ಚಿಕ್ಕವೀರರಾಜೇಂದ್ರನನ್ನು ಇಳಿಸಿ ರಾಜ್ಯ ಕಿತ್ತುಕೊಂಡರು. ಅದುವರೆಗೆ ಕೊಡಗಿಗೆ ಸೇರಿದ್ದ ಅಮರ ಸುಳ್ಯ ಸೀಮೆಯನ್ನು ಕೆನರಾ ಜಿಲ್ಲೆಗೆ ಅಂಟಿಸಿದರು. ರಾಜನ ಕಾಲದಲ್ಲಿ ತೆರಿಗೆಯನ್ನು ಬೆಳೆಯಲ್ಲಿ ಕೊಟ್ಟು ಬರಬಹುದಿತ್ತು; ಕಂಪನಿಗೆ ಬೇಕಾದದ್ದು ನಾಣ್ಯ. ಕಾಡಿನ ನಡುವೆ ಗದ್ದೆ ಮಾಡುವವನು ನಾಣ್ಯಕ್ಕೆ ಎಲ್ಲಿಗೆ ಹೋಗಬೇಕು? ಮೇಲಿಂದ ಉಪ್ಪು, ಹೊಗೆಸೊಪ್ಪಿನ ವ್ಯಾಪಾರವೂ ಕಂಪನಿಯ ಮುಷ್ಟಿಯಲ್ಲಿ. ಮನುಷ್ಯ ತೆರಿಗೆಯನ್ನಾದರೂ ಸಹಿಸಿಯಾನು. ಊಟಕ್ಕೆ ಉಪ್ಪೂ ಊಟದ ಮೇಲೆ ಎಲೆಯಡಿಕೆಗೆ ಹೊಗೆಸೊಪ್ಪೂ ದುಬಾರಿಯಾದರೆ ದಂಗೆ ಏಳದೆ ಏನು ಮಾಡುತ್ತಾನೆ ಎಂದು ನನ್ನ ಅಜ್ಜನ ಕವಳದ ಪೆಟ್ಟಿಗೆ ನೋಡಿದ ನನಗೆ ಅನ್ನಿಸುತ್ತದೆ.

ಸುಳ್ಯದ ಕಡೆ ಈ ಸಿಟ್ಟನ್ನು ಒಟ್ಟು ಮಾಡಿದವರು ಕೆದಂಬಾಡಿ ರಾಮಯ್ಯಗೌಡರು. ಜನ ಸೇರಲು ರಾಜವಂಶದ ಒಂದು ಮುಖ ಬೇಕಿತ್ತು. ಅರಮನೆಯ ರಕ್ತ ತನ್ನದೆಂದು ಹೇಳಿದ ಅಪರಂಪಾರನನ್ನು ಕಂಪನಿ ಸೆರೆ ಹಿಡಿದಿತ್ತು. ಅವನ ಹಿಂದೆ ಬಂದ ಕಲ್ಯಾಣಸ್ವಾಮಿಯೂ ಸೆರೆಯಾದ. ಎರಡು ವೇಷ ಹೋಯಿತು, ಚೆಂಡೆ ನಿಲ್ಲಿಸುವ ಹಾಗಿಲ್ಲ. ಆಗ ಪುಟ್ಟಬಸಪ್ಪ ಎಂಬ ರೈತನಿಗೆ ಜಂಗಮನ ವೇಷ ತೊಡಿಸಿ, ಇವನೇ ಕಲ್ಯಾಣಸ್ವಾಮಿ ಎಂದು ಪೂಮಲೆಯ ಕಾಡಿನಲ್ಲಿ ಜನರ ಮುಂದೆ ನಿಲ್ಲಿಸಿದರು. ನಾನಾದರೆ ಏನು ಹೇಳುತ್ತಿದ್ದೆ ಎಂಬುದು ನಿಮಗೆ ಗೊತ್ತೇ ಇದೆ. ಅವನು ಕಿರೀಟ ಸರಿಮಾಡಿಕೊಂಡು ರಂಗಕ್ಕೆ ಇಳಿದ.

ದಂಡು ಬೆಳ್ಳಾರೆಯ ಖಜಾನೆಯನ್ನು ಹಿಡಿಯಿತು, ಪುತ್ತೂರಿಗೆ ಬಂತು, ಪಾಣೆಮಂಗಳೂರಿಗೆ ಬಂತು. ದಂಡು ಅಂದರೆ ಸಮವಸ್ತ್ರ, ಕವಾಯತು ಎಂದೆಲ್ಲ ಭಾವಿಸಬೇಡಿ. ಕತ್ತಿ, ದೊಣ್ಣೆ, ಅಲ್ಲೊಂದು ಇಲ್ಲೊಂದು ಕೋವಿ ಹಿಡಿದ ಗದ್ದೆಯ ಜನ. ಅವರಲ್ಲೊಬ್ಬರ ಹೆಸರು ಹುಲಿಕಡಿದ ನಂಜಯ್ಯ. ದನದ ಹಗ್ಗ ಹಿಡಿಯಲಾಗದ ನಾನು ಈ ಹೆಸರನ್ನು ಸ್ವಲ್ಪ ಮೆಲ್ಲಗೇ ಹೇಳುತ್ತೇನೆ. ನಮ್ಮ ಪಕ್ಕದ ನಂದಾವರದ ಲಕ್ಷ್ಮಪ್ಪ ಬಂಗರಸರು ಇವರನ್ನು ಕೂಡಿಕೊಂಡರು. ಬಂಗರು ಒಂದು ಕಾಲಕ್ಕೆ ಈ ಕಡೆಯ ಅರಸರು. 1837ರ ಹೊತ್ತಿಗೆ ಅರಸೊತ್ತಿಗೆ ಹೆಸರಿನಲ್ಲಿ ಉಳಿದಿತ್ತು. ಆದರೂ ನಿಜವಾದ ಅರಸು ಮನೆತನದವನೊಬ್ಬ, ವೇಷದ ಅರಸನ ಬೆನ್ನಿಗೆ ನಿಂತನಲ್ಲ, ಅದು ನನಗೆ ಭಾರೀ ಚಂದ ಕಾಣುತ್ತದೆ. ಈಗಿನ ಸೇತುವೆಗಳಲ್ಲಿ ಒಂದೂ ಆಗ ಇರಲಿಲ್ಲ. ಏಪ್ರಿಲಿನ ಬಿಸಿಲಿಗೆ ಬಡವಾದ ನೇತ್ರಾವತಿಯನ್ನು ಆ ಜನ ದಾಟುವುದನ್ನು ನಾನು ಎಷ್ಟೋ ಸಂಜೆ ನದಿ ಬದಿಯಲ್ಲಿ ಕೂತು ಕಲ್ಪಿಸಿಕೊಂಡಿದ್ದೇನೆ. ಮುಂಡು ಮೇಲೆ ಕಟ್ಟಿ, ತಲೆಯ ಮೇಲೆ ಅಕ್ಕಿಮೂಟೆ ಹೊತ್ತು.

ಏಪ್ರಿಲ್ 5ಕ್ಕೆ ಮಂಗಳೂರು ಅವರ ಕೈಗೆ ಬಂತು. ಕಂಪನಿಯವರು ಕಣ್ಣೂರಿನ ದಾರಿ ಹಿಡಿದರು. ಗುಡ್ಡದ ಮೇಲೆ ಬಾವುಟ ಹಾರಿತು. ಇವತ್ತಿಗೂ ಆ ಜಾಗ ಬಾವುಟಗುಡ್ಡೆ. ಹದಿಮೂರು ದಿನ. ಆಮೇಲೆ ಕಣ್ಣೂರಿನ ಕಡೆಯಿಂದ ಸಮುದ್ರದ ಮೇಲೆ ಕಂಪನಿಯ ಸೇನೆ ಬಂತು, ದೊಣ್ಣೆಯವರು ಕಾಡಿನ ಕಡೆ ಚದುರಿದರು. ಪುಟ್ಟಬಸಪ್ಪನನ್ನೂ ಬಂಗರಸರನ್ನೂ ಬಿಕರ್ನಕಟ್ಟೆಯಲ್ಲಿ ಗಲ್ಲಿಗೇರಿಸಿದರು. ಕೊಡಗಿನ ಕಡೆ ಹೋರಾಡಿದ ಗುಡ್ಡೆಮನೆ ಅಪ್ಪಯ್ಯಗೌಡರಿಗೆ ಮಡಿಕೇರಿ ಕೋಟೆಯಲ್ಲಿ ಅಕ್ಟೋಬರ್ 31ರಂದು ಗಲ್ಲಾಯಿತು.

ಚೀನಾದ ಸಿಪಾಯಿಗೂ ಪುಟ್ಟಬಸಪ್ಪನಿಗೂ ಇಲ್ಲಿ ದಾರಿ ಬೇರೆಯಾಗುತ್ತದೆ. ಅವನಿಗೆ ಸುಮ್ಮನೆ ಕೂತಿರುವ ಕೆಲಸ; ವೇಷ ಕಳಚಿದ ಮೇಲೆ ಅವನನ್ನು ಯಾರೂ ಕೇಳಲಿಲ್ಲ. ಇವನ ವೇಷಕ್ಕೆ ಕುತ್ತಿಗೆಯ ಲೆಕ್ಕ. ಅಷ್ಟಾಗಿಯೂ ಜನರ ಬಾಯಲ್ಲಿ ಆ ಹೋರಾಟಕ್ಕೆ ನಿಂತ ಹೆಸರು ‘ಕಲ್ಯಾಣಪ್ಪನ ಕಾಟಕಾಯಿ’. ಕಾಟಕಾಯಿ ಎಂಬುದರಲ್ಲಿ ಲೂಟಿಯ ವಾಸನೆ. ಕಲ್ಯಾಣಪ್ಪ ಎಂಬುದರಲ್ಲಿ ಬೇರೆಯವನ ಹೆಸರು. ಕುಳಕುಂದದ ನಿರಂಜನರು ಅವನ ಮೇಲೆ ಕಾದಂಬರಿ ಬರೆದಾಗಲೂ ಹೆಸರಿಟ್ಟದ್ದು ‘ಕಲ್ಯಾಣಸ್ವಾಮಿ’ ಎಂದೇ. ಕಲ್ಲಡ್ಕದ ಕೆ.ಟಿ. ಚಹಾದ ಗ್ಲಾಸು ನೋಡಿದ್ದೀರಲ್ಲ, ಹಾಲೂ ಡಿಕಾಕ್ಷನ್ನೂ ಬೆರೆಯದೆ ಒಂದರ ಮೇಲೊಂದು ನಿಂತಿರುತ್ತವೆ. ಮೇಲೆ ಕಲ್ಯಾಣಸ್ವಾಮಿ, ಕೆಳಗೆ ಪುಟ್ಟಬಸಪ್ಪ. ನಾವು ಮೇಲಿನದನ್ನೇ ನೋಡಿ ಹೊಗಳುತ್ತೇವೆ; ಸಕ್ಕರೆ ಇರುವುದು ತಳದಲ್ಲಿ. 2022ರ ನವೆಂಬರಿನಲ್ಲಿ ಬಾವುಟಗುಡ್ಡೆಯಲ್ಲಿ ರಾಮಯ್ಯಗೌಡರ ಪ್ರತಿಮೆ ನಿಂತಿತು. ಆಗಬೇಕಾದ್ದೇ. ಅದನ್ನು ನೋಡಲು ಹೋದಾಗ, ವೇಷ ಕಟ್ಟಿಸಿದವರಿಗೆ ಕೈಮುಗಿದು, ವೇಷಧಾರಿಯ ಪಾಲಿನದ್ದನ್ನು ಗುಡ್ಡದ ಗಾಳಿಗೆ ಮುಗಿದು ಬಂದೆ.

ಇದನ್ನೆಲ್ಲ ಜಗಲಿಯಲ್ಲಿ ಆವೇಶದಿಂದ ಹೇಳಿದ್ದು ತಪ್ಪಾಯಿತು. ಅಳಿಯನಿಗೆ ಉಮೇದು ಬಂದು, ಊರಿನ ಹುಡುಗರನ್ನು ಸೇರಿಸಿ 1837ರ ಮೇಲೆ ಒಂದು ಸಣ್ಣ ನಾಟಕ ಮಾಡುತ್ತೇನೆ ಎಂದ. ಪಾತ್ರ ಹಂಚುವಾಗ ನಾನು ಸ್ವಲ್ಪ ನೆಟ್ಟಗೆ ಕೂತೆ. ಬಂಗರಸ ಸಿಕ್ಕೀತು ಎಂದು ಆಸೆ. ನಂದಾವರ ಹತ್ತಿರ, ವಯಸ್ಸೂ ಉಂಟು.

“ನಿಮಗೆ ಪುಟ್ಟಬಸಪ್ಪ, ಮಾವ.”

“ಮಾತು ಎಷ್ಟು ಉಂಟು?”

“ಮಾತೇ ಇಲ್ಲ. ಪಾಣೆಮಂಗಳೂರಿನಲ್ಲಿ ಹೊಳೆ ದಾಟುವ ದೃಶ್ಯ. ಗಾಡಿಯ ಪಕ್ಕ ನಡೆದುಕೊಂಡು ಬಂದರೆ ಸಾಕು. ಗಾಡಿಗೆ ನಮ್ಮ ಗೌರಿಯನ್ನೇ ಕಟ್ಟುವ ಅಂತ.”

ಒಳಗೆ ಅಡಿಗೆಮನೆಯಲ್ಲಿ ಕಾಯಿ ತುರಿಯುವ ಸದ್ದು ನಿಂತಿತು. “ಕಟ್ಟುವುದಾದರೆ ಕಟ್ಟಿ” ಎಂದಳು ನನ್ನವಳು, “ಆದರೆ ಹಗ್ಗ ನಾನು ಹಿಡಿಯುತ್ತೇನೆ. ಸ್ವಾಮಿಗಳಿಗೆ ಅವರ ಮುಂಡು ಹಿಡಿದುಕೊಳ್ಳಲಿಕ್ಕೆ ಹೇಳು.”